ಮೂರು ವರ್ಷದಿಂದ ಭುಜ ದಾಟದ ಗುಂಗುರು ಕೂದಲು: ಬೆಳೀತಿಲ್ವಾ, ಮುರೀತಿದ್ಯಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 24 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ, ಪಿಜಿಲಿ ಇದ್ದೀನಿ, ಬೋರ್‌ವೆಲ್ ನೀರು. ನಂದು ಹುಟ್ಟಿನಿಂದ್ಲೂ ಗುಂಗುರು ಕೂದಲು. ಮೂರು ವರ್ಷದಿಂದ ಭುಜದ ಹತ್ರ ಬಂದು ನಿಂತುಬಿಟ್ಟಿದೆ, ಒಂದಿಂಚೂ ಮುಂದಕ್ಕೆ ಹೋಗ್ತಿಲ್ಲ. ಅಮ್ಮ ದಿನಾ ಎಣ್ಣೆ ಹಚ್ಚಿ ಚೆನ್ನಾಗಿ ಬಾಚಿ ಬಿಗಿಯಾಗಿ ಜಡೆ ಹಾಕು ಅಂತಾರೆ, ಯೂಟ್ಯೂಬ್‌ನವರು ಶಾಂಪೂ ಮುಟ್ಟಬೇಡ, ಬಾಚಲೇಬೇಡ ಅಂತಾರೆ. ಈರುಳ್ಳಿ ರಸ, ರೋಸ್‌ಮೇರಿ ಎಣ್ಣೆ, ಬಯೋಟಿನ್ ಮಾತ್ರೆ ಎಲ್ಲಾ ಆಯ್ತು. ಯುಗಾದಿಗೆ ಮೆಹಂದಿ ಹಚ್ಚಿದ್ದೆ, ಈಗ ಬುಡದಲ್ಲಿ ನಾಲ್ಕು ಬೆರಳಷ್ಟು ಕಪ್ಪು, ಕೆಳಗೆಲ್ಲ ಕೆಂಪು ಕಾಣುತ್ತೆ. ಶ್ರಾವಣದಲ್ಲಿ ಟೈಫಾಯ್ಡ್ ಬಂದಿತ್ತು. ಈಗ ಒಂದು ತಿಂಗಳಿಂದ ತಲೆಗೆ ನೀರು ಹಾಕ್ಕೊಂಡ್ರೆ ಕೈ ತುಂಬಾ ಕೂದಲು ಬರ್ತಿದೆ, ಅಳುನೇ ಬರುತ್ತೆ. ವೈಶಾಖದಲ್ಲಿ ಮದುವೆ. ಪಾರ್ಲರ್‌ನವರು ಕೆರಾಟಿನ್ ಮಾಡಿಸಿದ್ರೆ ಉದ್ದನೂ ಕಾಣುತ್ತೆ, ಉದುರೋದೂ ನಿಲ್ಲುತ್ತೆ ಅಂತಿದ್ದಾರೆ. ಮಾಡಿಸ್ಲಾ? ಗುಂಗುರು ಕೂದಲು ಉದ್ದ ಬೆಳೆಯೋದೇ ಇಲ್ವಾ?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ ಕಣಮ್ಮ, ಆ ಮೆಹಂದಿ ಸಾಲಲ್ಲಿ. ಮೆಹಂದಿ ಹಚ್ಚಿದ್ದು ಯುಗಾದಿಗೆ, ಈಗ ದೀಪಾವಳಿ ಮುಗಿದಿದೆ, ಅಂದ್ರೆ ಸುಮಾರು ಏಳೂವರೆ ತಿಂಗಳು. ಬುಡದಲ್ಲಿ ಬಂದಿರೋ ಕಪ್ಪು ನಾಲ್ಕು ಬೆರಳು, ಅಂದ್ರೆ ಹತ್ರಹತ್ರ 7 ಸೆಂಟಿಮೀಟರ್. ತಲೆಕೂದಲು ಸಾಮಾನ್ಯವಾಗಿ ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಸುರುಳಿಯನ್ನ ಎಳೆದು ಹಿಡಿದು ಅಳೆದ್ರೆ ಇನ್ನೂ ಸ್ವಲ್ಪ ಜಾಸ್ತಿನೇ ಬರಬಹುದು. ಅಂದ್ರೆ ನಿಮ್ಮ ಕೂದಲು ಎಲ್ಲರ ಹಾಗೇ ಬೆಳೀತಿದೆ, ಒಂಚೂರೂ ಹಿಂದೆ ಬಿದ್ದಿಲ್ಲ. ಏಳು ಸೆಂಟಿಮೀಟರ್ ಮೇಲಿಂದ ಬಂದ್ಮೇಲೂ ಕೂದಲು ಭುಜದಲ್ಲೇ ನಿಂತಿದೆ ಅಂದ್ರೆ ಅಷ್ಟೇ ಉದ್ದ ತುದಿಯಿಂದ ಹೋಗಿದೆ ಅಂತ ಅರ್ಥ. ಕತ್ತರಿ ಹಾಕಿಸಿಲ್ಲ ಅಂದ್ರೆ ಮುರಿದೇ ಹೋಗಿದೆ.

ನಿಮಗೆ ಎರಡು ತೊಂದರೆ ಇದೆ, ಎರಡನ್ನೂ ಒಂದೇ ಅಂದ್ಕೊಂಡು ಒದ್ದಾಡ್ತಿದ್ದೀರಿ. ಮೂರು ವರ್ಷದಿಂದ ಉದ್ದ ಆಗದೇ ಇರೋದು ತುದಿ ಮುರಿಯೋ ಸಮಸ್ಯೆ. ಒಂದು ತಿಂಗಳಿಂದ ಕೈ ತುಂಬಾ ಬರ್ತಿರೋದು ಬುಡದಿಂದ ಉದುರೋ ಸಮಸ್ಯೆ, ಅದು ಟೈಫಾಯ್ಡ್ ಜ್ವರದ ಬಾಕಿ. ಎರಡಕ್ಕೂ ಕಾರಣ ಬೇರೆ, ಮಾಡಬೇಕಾದ್ದೂ ಬೇರೆ. ಪಾಪ ಮೆಹಂದಿದು ಇದ್ರಲ್ಲಿ ಏನೂ ತಪ್ಪಿಲ್ಲ, ಶುದ್ಧ ಮೆಹಂದಿ ಆಗಿದ್ರೆ ಅದು ಸ್ವಲ್ಪ ಒಣಗಿಸುತ್ತೆ ಅಷ್ಟೇ.

ನನ್ನ ಮಾತು ನಂಬೋಕೆ ಮುಂಚೆ ನೀವೇ ಒಂದ್ಸಲ ಪರೀಕ್ಷೆ ಮಾಡಿ ನೋಡಿ. ಮುಂದಿನ ಸಲ ತಲೆಸ್ನಾನ ಆದ್ಮೇಲೆ ಬಾತ್‌ರೂಮ್ ಜಾಲರಿಯಿಂದ, ಬಾಚಣಿಗೆಯಿಂದ ಒಂದು ಇಪ್ಪತ್ತು ಕೂದಲು ಆರಿಸಿ ಬಿಳಿ ಹಾಳೆ ಮೇಲೆ ಇಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ರೆ ಅದು ಬುಡದಿಂದ ಉದುರಿದ್ದು. ಎರಡೂ ತುದಿ ಬೋಳಾಗಿದ್ದು ಉದ್ದವೂ ಗಿಡ್ಡ ಇದ್ರೆ ಅದು ಮುರಿದಿದ್ದು. ಬಿಳಿ ಗುಂಡು ನೋಡಿ ಅಯ್ಯೋ ಬೇರೇ ಕಿತ್ಕೊಂಡು ಬಂತು ಅಂತ ತುಂಬಾ ಜನ ಗಾಬರಿಯಾಗಿ ಆ ಕೂದಲನ್ನ ಪೊಟ್ಟಣ ಕಟ್ಕೊಂಡು ನನ್ನ ಹತ್ರ ಬರ್ತಾರೆ. ಅದು ಬೇರಲ್ಲ. ಆಯುಸ್ಸು ಮುಗಿದ ಕೂದಲಿನ ಕಾಲು ಹಾಗೇ ಇರೋದು. ಬೇರು ಚರ್ಮದೊಳಗೇ ಇದೆ, ಅಲ್ಲಿಂದ ಇನ್ನೊಂದು ಹುಟ್ಟುತ್ತೆ. ನಿಮ್ಮ ಹಾಳೆ ಮೇಲೆ ಎರಡೂ ಥರದ್ದೂ ಸಿಗುತ್ತೆ ಅಂತ ನನ್ನ ಅಂದಾಜು.

ಮೊದಲು ಉದುರೋ ವಿಷಯ ಮುಗಿಸಿಬಿಡ್ತೀನಿ, ನಿಮಗೆ ಭಯ ಇರೋದು ಅದ್ರ ಬಗ್ಗೆನೇ ಜಾಸ್ತಿ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಆಮೇಲೆ ಒಂದು ಮೂರು ತಿಂಗಳು ಸುಮ್ನೆ ನಿಂತು, ಬಿದ್ದುಹೋಗುತ್ತೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಬೀಳೋದು ಎಲ್ಲರಿಗೂ ಇದ್ದಿದ್ದೇ. ಟೈಫಾಯ್ಡ್, ಡೆಂಗ್ಯೂ, ಕೋವಿಡ್ ಥರದ ಜೋರು ಜ್ವರ ಬಂದಾಗ, ಹೆರಿಗೆ ಆದಾಗ, ಇಲ್ಲಾ ಊಟ ಬಿಟ್ಟು ಒಂದೇಸಲ ತೂಕ ಇಳಿಸಿದಾಗ ಬೆಳೀತಿದ್ದ ತುಂಬಾ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ ವಿಶ್ರಾಂತಿಗೆ ಹೋಗ್ತವೆ. ಎರಡು ಮೂರು ತಿಂಗಳಾದ್ಮೇಲೆ ಒಟ್ಟಿಗೇ ಬೀಳ್ತವೆ. ಇದಕ್ಕೆ ನಾವು ಟೆಲೋಜೆನ್ ಎಫ್ಲುವಿಯಮ್ ಅಂತೀವಿ. ಶ್ರಾವಣದ ಜ್ವರಕ್ಕೆ ಈಗ ಉದುರ್ತಿದೆ ಅಂದ್ರೆ ಲೆಕ್ಕ ಸರಿಯಾಗಿ ಕೂರುತ್ತೆ. ಜ್ವರ ಬಂದು ಹೋಗಿದ್ದು ಜನಕ್ಕೆ ಅಷ್ಟರಲ್ಲಿ ಮರೆತೇ ಹೋಗಿರುತ್ತೆ, ಹೋದ ವಾರ ಬದಲಾಯಿಸಿದ ಶಾಂಪೂ ಮೇಲೆ ಗೂಬೆ ಕೂರಿಸ್ತಾರೆ. ಇದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಾನಾಗೇ ಕಮ್ಮಿ ಆಗುತ್ತೆ, ಹೋದ ಕೂದಲು ವಾಪಸ್ ಬರುತ್ತೆ. ಬೋಳು ಆಗಲ್ಲ.

ಇನ್ನೊಂದು ವಿಷಯ ಗುಂಗುರು ಕೂದಲಿನವರಿಗೆ ಯಾರೂ ಹೇಳಿರಲ್ಲ. ನೇರ ಕೂದಲು ಉದುರಿದ್ರೆ ನೆಲಕ್ಕೋ ದಿಂಬಿಗೋ ಬೀಳುತ್ತೆ, ದಿನಾ ಸ್ವಲ್ಪ ಸ್ವಲ್ಪ ಹೋಗುತ್ತೆ. ನಿಮ್ಮದು ಹಾಗಲ್ಲ, ಉದುರಿದ ಕೂದಲು ಅಕ್ಕಪಕ್ಕದ ಸುರುಳಿಯೊಳಗೆ ಸಿಕ್ಕಿಹಾಕ್ಕೊಂಡು ಅಲ್ಲೇ ಇರುತ್ತೆ. ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕ್ಕೊಳ್ಳೋರಿಗೆ ಮೂರು ನಾಲ್ಕು ದಿನದ್ದು ಒಟ್ಟಿಗೆ, ಅಂದ್ರೆ ಇನ್ನೂರು ಮುನ್ನೂರು ಕೂದಲು ಒಂದೇ ಸ್ನಾನದಲ್ಲಿ ಕೈಗೆ ಬರಬಹುದು, ಅದು ಮಾಮೂಲಿ ದಿನಗಳಲ್ಲೇ. ಜ್ವರದ ನಂತರ ಅದಕ್ಕಿಂತ ಜಾಸ್ತಿ. ಹೆದರಿ ಸ್ನಾನ ಮುಂದೂಡಿದ್ರೆ ಇನ್ನೂ ದೊಡ್ಡ ಉಂಡೆ ಬರುತ್ತೆ, ಸಿಕ್ಕು ಹೆಚ್ಚಾಗಿ ಒಳ್ಳೇ ಕೂದಲೂ ಮುರಿಯುತ್ತೆ. ಅದಕ್ಕೇ ಹೆದರಿ ಸ್ನಾನ ಬಿಡ್ಬೇಡಿ.

ಆದ್ರೂ ಒಂದು ರಕ್ತ ಪರೀಕ್ಷೆ ಮಾಡಿಸಿ ಅಂತೀನಿ. ರಕ್ತಕಣಗಳ ಲೆಕ್ಕಕ್ಕೆ ಸಿಬಿಸಿ, ಕಬ್ಬಿಣಕ್ಕೆ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಈ ಮೂರು ಸಾಕು ಮೊದಲಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿ ಇದ್ರೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು, ಅದು ಗೊತ್ತಾಗೋದು ಫೆರಿಟಿನ್‌ನಲ್ಲಿ. ಅದು ಕಮ್ಮಿ ಇದ್ರೆ ಜ್ವರದ ಉದುರುವಿಕೆ ನಿಲ್ಲೋದು ತಡ ಆಗಬಹುದು. ಹಾಂ, ಆ ಬಯೋಟಿನ್ ಮಾತ್ರೆ ಇನ್ನೂ ತಗೋತಿದ್ರೆ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ. ಬಯೋಟಿನ್ ಒಂದು ವಿಟಮಿನ್, ಅದರ ಕೊರತೆ ಅನ್ನೋದು ಸಾಮಾನ್ಯ ಊಟ ಮಾಡೋರಲ್ಲಿ ತುಂಬಾನೇ ಅಪರೂಪ, ಕೊರತೆ ಇಲ್ಲದವರಿಗೆ ಅದ್ರಿಂದ ಕೂದಲು ಬೆಳೆಯಲ್ಲ. ಆದ್ರೆ ದೊಡ್ಡ ಡೋಸ್ ತಗೊಂಡಿದ್ರೆ ಥೈರಾಯ್ಡ್ ರಿಪೋರ್ಟನ್ನ ತಪ್ಪು ತೋರಿಸಬಲ್ಲದು, ಹೃದಯದ ಒಂದು ಪರೀಕ್ಷೆಯನ್ನೂ ಹಾಳು ಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ನನ್ನ ಹತ್ರ ಒಬ್ಬ ಹುಡುಗಿ ಥೈರಾಯ್ಡ್ ಜಾಸ್ತಿ ಅನ್ನೋ ರಿಪೋರ್ಟ್ ಹಿಡ್ಕೊಂಡು ಬಂದಿದ್ಲು, ಬಯೋಟಿನ್ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿದ್ರೆ ಎಲ್ಲಾ ನಾರ್ಮಲ್.

ಪಿಜಿ ಊಟದ ಬಗ್ಗೆ ನೀವು ಏನೂ ಬರೆದಿಲ್ಲ, ನಾನೇ ಊಹಿಸ್ತೀನಿ. ಅನ್ನ, ತಿಳಿಸಾರು, ಬೆಳಿಗ್ಗೆ ಚಿತ್ರಾನ್ನ ಇಲ್ಲಾ ಉಪ್ಪಿಟ್ಟು. ಕೂದಲು ಅನ್ನೋದು ಬಹುಪಾಲು ಪ್ರೋಟೀನು, ಟೈಫಾಯ್ಡ್‌ನಲ್ಲಿ ಮೈ ಇಳಿದಿರುತ್ತೆ ಬೇರೆ. ದಿನಾ ಒಂದು ಬಟ್ಟಲು ಮೊಳಕೆ ಹೆಸರುಕಾಳು ಇಲ್ಲಾ ಕಡ್ಲೆಕಾಳು, ಮೇಲೆ ನಿಂಬೆಹಣ್ಣು ಹಿಂಡಿ. ತಿನ್ನೋರಾದ್ರೆ ಎರಡು ಮೊಟ್ಟೆ. ಊಟ ಆದ ತಕ್ಷಣ ಕಾಫಿ ಟೀ ಬೇಡ, ಕಬ್ಬಿಣ ಮೈಗೆ ಹತ್ತೋದನ್ನ ಅದು ತಡೆಯುತ್ತೆ, ಒಂದು ಗಂಟೆ ಬಿಟ್ಟು ಕುಡೀರಿ.

ಈಗ ಮೂರು ವರ್ಷದ ವಿಷಯ.

ಕೂದಲು ಗುಂಗುರಾಗೋದು ಚರ್ಮದೊಳಗೆ. ಕೂದಲು ಹುಟ್ಟೋ ಗೂಡೇ ಬಾಗಿರುತ್ತೆ, ಅಲ್ಲಿಂದ ಬರೋ ಎಳೆ ದುಂಡಗಿರಲ್ಲ, ಸ್ವಲ್ಪ ಚಪ್ಪಟೆ. ಒಂದು ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ಒಳಗಿನ ಕಟ್ಟು ಬೇರೆ ಬೇರೆ ಇರೋದ್ರಿಂದ ಸುತ್ತಿಕೊಳ್ಳುತ್ತೆ. ನೆತ್ತಿಯಲ್ಲಿ ಊರೋ ಜಿಡ್ಡು ನೇರ ಕೂದಲಲ್ಲಿ ಜಾರುಬಂಡಿ ಥರ ತುದಿ ತನಕ ಇಳಿಯುತ್ತೆ, ಗುಂಗುರಿನಲ್ಲಿ ಆಗುಂಬೆ ಘಾಟಿ ಇಳಿದ ಹಾಗೆ, ತಿರುವು ತಿರುವಿಗೂ ನಿಂತು ತುದಿ ಮುಟ್ಟೋದೇ ಇಲ್ಲ. ಅದಕ್ಕೇ ನೆತ್ತಿ ಜಿಡ್ಡು, ತುದಿ ಹುಲ್ಲು. ಜೊತೆಗೆ ಪ್ರತಿ ತಿರುವೂ ಒಂದು ದುರ್ಬಲ ಜಾಗ. ಬಾಚಣಿಗೆ ಎಳೆದಾಗ ನೇರ ಕೂದಲು ಸುಮ್ನೆ ಜಾರಿಸಿಬಿಡುತ್ತೆ, ಗುಂಗುರು ಕೂದಲಿನ ತಿರುವುಗಳಲ್ಲಿ ಆ ಎಳೆತ ಎಲ್ಲಾ ಬಿದ್ದು ಮೇಲಿನ ಪದರ ಎದ್ದೇಳುತ್ತೆ, ಒಂದಿನ ಅಲ್ಲೇ ತುಂಡಾಗುತ್ತೆ.

ತುದಿಗೆ ಎಷ್ಟು ವಯಸ್ಸಾಗಿದೆ ಅಂತ ಯೋಚಿಸಿದ್ದೀರಾ? ನಿಮ್ಮ ಕೂದಲನ್ನ ಎಳೆದು ಹಿಡಿದ್ರೆ ಒಂದು 30 ಸೆಂಟಿಮೀಟರ್ ಇರಬಹುದು. ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ತುದಿ ಹುಟ್ಟಿದ್ದು ಎರಡೂವರೆ ವರ್ಷದ ಹಿಂದೆ. ವಾರಕ್ಕೆ ಎರಡು ಸ್ನಾನ ಅಂದ್ರೂ ಅದು 260 ಸಲ ನೀರು ಶಾಂಪೂ ಕಂಡಿದೆ, ದಿನಾ ಬಾಚಿದ್ರೆ 900 ಸಲ ಬಾಚಣಿಗೆ ಕಂಡಿದೆ. ಅಷ್ಟು ಸಲ ಒಗೆದ ಕಾಟನ್ ಸೀರೆಯ ಅಂಚು ನೆನೆಸ್ಕೊಳ್ಳಿ, ಆ ಸೀರೆನ ನೀವು ಹೇಗೆ ಮುಟ್ತೀರಾ? ಹಾಗೆ ಮುಟ್ಟಬೇಕು. ಬೆಳೆಸೋ ಕೆಲಸ ಬುಡ ಮಾಡ್ತಿದೆ, ಅದನ್ನ ನೀವೂ ನಾನೂ ಜಾಸ್ತಿ ವೇಗ ಮಾಡೋಕಾಗಲ್ಲ. ನಮ್ಮ ಕೈಯಲ್ಲಿರೋದು ತುದಿ ಉಳಿಸೋದು.

ಗುಂಗುರು ಕೂದಲು ಗಿಡ್ಡ ಕಾಣೋದಕ್ಕೆ ಇನ್ನೊಂದು ಕಾರಣನೂ ಇದೆ, ಒಣಗಿದಾಗ ಸುರುಳಿ ಸುತ್ಕೊಂಡು ಕೆಲವರಲ್ಲಿ ಅರ್ಧಕ್ಕೆ ಬರುತ್ತೆ. ಹಾಗಾಗಿ ಕನ್ನಡಿ ನಂಬಬೇಡಿ. ಒದ್ದೆ ಇದ್ದಾಗ ಹಣೆ ಅಂಚಿಂದ ಒಂದು ಎಳೆ, ನಡುನೆತ್ತಿಯಿಂದ ಒಂದು ಎಳೆ ಮೆಲ್ಲಗೆ ನೇರ ಮಾಡಿ ಟೇಲರ್ ಟೇಪಲ್ಲಿ ಅಳೆದು ಫೋನಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಸಾಕು.

ಅಮ್ಮನ ಮಾತಿಗೆ ಬರ್ತೀನಿ. ಎಣ್ಣೆ ವಿಷಯದಲ್ಲಿ ಅವರು ಅರ್ಧಕ್ಕಿಂತ ಜಾಸ್ತಿ ಸರಿ ಇದ್ದಾರೆ. ಕೊಬ್ಬರಿ ಎಣ್ಣೆಯಲ್ಲಿರೋ ಲಾರಿಕ್ ಆಮ್ಲ ಚಿಕ್ಕದು, ನೇರವಾದದ್ದು, ಕೂದಲಿನ ಒಳಗೆ ಇಳಿಯುತ್ತೆ. ಸ್ನಾನಕ್ಕೆ ಮುಂಚೆ ಹಚ್ಚಿದ್ರೆ ತೊಳೆಯುವಾಗ ಕೂದಲಿಂದ ಪ್ರೋಟೀನ್ ಸೋರಿಹೋಗೋದು ಕಮ್ಮಿ ಆಗುತ್ತೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಎರಡಕ್ಕೂ ಆ ಗುಣ ಕಾಣ್ಲಿಲ್ಲ ಅಂತ 2003ರಲ್ಲಿ ಮುಂಬೈಯಲ್ಲಿ ಕೆಲಸ ಮಾಡಿದ ಸಂಶೋಧಕರು ತೋರಿಸಿದ್ದಾರೆ. ಅವರು ಕೊಬ್ಬರಿ ಎಣ್ಣೆ ಕಂಪನಿಯವರೇ ಅನ್ನೋದೂ ಗೊತ್ತಿರಲಿ. ಆದ್ರೂ ನನ್ನ ಅನುಭವದಲ್ಲಿ ಅದು ನಿಜ. ಆದ್ರೆ ಎಣ್ಣೆ ಕೆಲಸ ಮಾಡೋದು ಎಳೆ ಮೇಲೆ, ಬುಡದಲ್ಲಿ ಅಲ್ಲ. ನೆತ್ತಿಗೆ ತಿಕ್ಕಿ ತಿಕ್ಕಿ ಹಚ್ಚಿ ತುದಿಗೆ ಕೈ ಒರೆಸಿಕೊಳ್ಳೋದು ನಮ್ಮ ಪದ್ಧತಿ, ಅದನ್ನ ತಿರುಗಿಸಿ, ತುದಿಗೆ ಜಾಸ್ತಿ, ನೆತ್ತಿಗೆ ಕೈಗೆ ಮೆತ್ತಿಕೊಂಡಷ್ಟು. ದಿನಾ ಬೇಡ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಸಾಕು. ಹೊಟ್ಟು ಇದ್ರೆ ನೆತ್ತಿಗೆ ಎಣ್ಣೆನೇ ಬೇಡ, ಹೊಟ್ಟಿನ ಹಿಂದಿರೋ ಶಿಲೀಂಧ್ರಕ್ಕೆ ಜಿಡ್ಡೇ ಊಟ. ಹರಳೆಣ್ಣೆ ಬರೀದನ್ನ ಗುಂಗುರು ಕೂದಲಿಗೆ ಹಚ್ಚಬೇಡಿ, ಅದು ತುಂಬಾ ಮಂದ, ಕೂದಲು ಹಕ್ಕಿಗೂಡಿನ ಥರ ಬಿಡಿಸೋಕಾಗದ ಗಂಟಾಗಿ ಕೊನೆಗೆ ಕತ್ತರಿಸಬೇಕಾದ ಕೇಸು ನಮ್ಮ ದೇಶದಲ್ಲೇ ವರದಿ ಆಗಿದೆ.

ಒಣ ಕೂದಲನ್ನ ಸಣ್ಣ ಹಲ್ಲಿನ ಬಾಚಣಿಗೆಲಿ ನೆತ್ತಿಯಿಂದ ಎಳೆದು ಬಾಚೋದು, ಬಿಗಿ ಜಡೆ ಹಾಕೋದು, ಇದ್ರಲ್ಲಿ ಮಾತ್ರ ಅಮ್ಮನ ಜೊತೆ ನಾನಿಲ್ಲ. ನಿಮ್ಮ ಮೂರು ವರ್ಷ ಹೋಗಿದ್ದು ಇಲ್ಲೇ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ. ಬಿಗಿ ಜಡೆ ಬಿಗಿ ತುರುಬು ವರ್ಷಗಟ್ಟಲೆ ಹಾಕಿದ್ರೆ ಹಣೆ ಅಂಚು, ಕಿವಿ ಮುಂದಿನ ಕೂದಲು ಹಿಂದೆ ಸರಿಯುತ್ತೆ, ಶುರುವಲ್ಲಿ ಬಿಟ್ರೆ ವಾಪಸ್ ಬರುತ್ತೆ, ತಡ ಮಾಡಿದ್ರೆ ಬರಲ್ಲ. ಶಾಸ್ತ್ರೀಯ ನೃತ್ಯ ಮಾಡೋ ಹುಡುಗಿಯರಲ್ಲಿ, ದಿನಾ ಎತ್ತಿ ತುರುಬು ಕಟ್ಟೋ ನರ್ಸ್‌ಗಳಲ್ಲಿ ಇದನ್ನ ನಾನು ಎಷ್ಟೋ ಸಲ ನೋಡಿದ್ದೀನಿ, ನೋವು ಆಗ್ತಿದ್ರೂ ಅಭ್ಯಾಸ ಅಂತ ಸುಮ್ನಿದ್ದವರು. ಜಡೆ ಹಾಕಿದಾಗ ಹುಬ್ಬು ಮೇಲಕ್ಕೆಳೆದ ಹಾಗೆ ಆದ್ರೆ ಅದು ಬಿಗಿ ಜಾಸ್ತಿ ಆಯ್ತು ಅಂತಲೇ.

ಯೂಟ್ಯೂಬ್‌ನವರೂ ಪೂರ್ತಿ ತಪ್ಪಲ್ಲ. ಗುಂಗುರು ಕೂದಲನ್ನ ಒಣಗಿದಾಗ ಬಾಚಬಾರದು ಅನ್ನೋದು ಸರಿ, ಕಂಡೀಷನರ್ ಧಾರಾಳ ಹಾಕಿ ಅನ್ನೋದೂ ಸರಿ. ಆದ್ರೆ ಶಾಂಪೂ ಬೇಡ್ವೇ ಬೇಡ ಅನ್ನೋದು ಬೋರ್‌ವೆಲ್ ನೀರು, ಬೆಂಗಳೂರು ಧೂಳು, ಹೆಲ್ಮೆಟ್ ಬೆವರು, ಕೊಬ್ಬರಿ ಎಣ್ಣೆ ಇಷ್ಟೂ ಇರೋ ತಲೆಗೆ ಆಗದ ಮಾತು. ಶಾಂಪೂ ಬಿಟ್ಟು ಆರು ತಿಂಗಳು ನೆತ್ತಿ ಕೆರೆದುಕೊಂಡು, ಪದರ ಪದರ ಹೊಟ್ಟು ಕಟ್ಟಿಸ್ಕೊಂಡು ಬಂದವರಿಗೆ ನಾನು ಔಷಧಿ ಕೊಟ್ಟಿದ್ದೀನಿ. ಸಲ್ಫೇಟ್ ಇಲ್ಲದ ಮೆದು ಶಾಂಪೂ ಸಿಕ್ಕರೆ ಒಳ್ಳೇದು, ಸಿಗದಿದ್ರೆ ಮಾಮೂಲಿದನ್ನೇ ಒಂದು ಚಮಚ ತಗೊಂಡು ಅರ್ಧ ಮಗ್ ನೀರಲ್ಲಿ ಕದಡಿ ನೆತ್ತಿಗೆ ಮಾತ್ರ ಹಾಕಿ, ನೊರೆ ಇಳಿದು ಹೋಗುವಾಗ ಉದ್ದಕ್ಕೂ ಅಷ್ಟೇ ಸಾಕಾಗುತ್ತೆ. ಕಂಡೀಷನರ್‌ಗಳಲ್ಲಿರೋ ಸಿಲಿಕೋನ್ ಅಂದ್ರೆ ವಿಷ ಅನ್ನೋ ಮಾತನ್ನೂ ಬಿಡಿ. ಅದು ಎಳೆ ಮೇಲೆ ತೆಳು ಪದರ ಕೂತು ಎಳೆಗೆ ಎಳೆ ಉಜ್ಜೋದನ್ನ ಕಮ್ಮಿ ಮಾಡುತ್ತೆ, ತುದಿ ಮುರಿಯೋರಿಗೆ ಅದು ಬೇಕಾಗಿರೋದೇ. ಒಂದ್ರ ಮೇಲೊಂದು ಕಟ್ಟಿಕೊಂಡು ಕೂದಲು ಭಾರ ಅನ್ಸಿದ್ರೆ ಶಾಂಪೂ ಹಾಕಿ ತೊಳೀರಿ ಅಷ್ಟೇ. ಲೋಟದ ನೀರಲ್ಲಿ ಕೂದಲು ಹಾಕಿ ತೇಲುತ್ತಾ ಮುಳುಗುತ್ತಾ ನೋಡೋ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ, ಎಣ್ಣೆ ಪಸೆ ಇದ್ರೆ ಯಾವ ಕೂದಲಾದ್ರೂ ತೇಲುತ್ತೆ.

ರೋಸ್‌ಮೇರಿ ಎಣ್ಣೆ ಬಗ್ಗೆ ಇಷ್ಟು ಸದ್ದು ಎದ್ದಿರೋದು ಬಹುಪಾಲು 2015ರ ಒಂದು ಚಿಕ್ಕ ಅಧ್ಯಯನದಿಂದ, ಅದು ವಂಶಪಾರಂಪರ್ಯ ಬೊಕ್ಕತಲೆ ಇದ್ದ ಗಂಡಸರ ಮೇಲೆ, ನೂರು ಜನ. ಈರುಳ್ಳಿ ರಸದ್ದು 2002ರದ್ದು, ದುಂಡಗೆ ತೇಪೆ ತೇಪೆಯಾಗಿ ಕೂದಲು ಹೋದವರ ಮೇಲೆ. ನಿಮ್ಮ ತುದಿ ಮುರಿಯೋದಕ್ಕೂ ಇವೆರಡಕ್ಕೂ ಸಂಬಂಧ ಇಲ್ಲ. ಈರುಳ್ಳಿ ರಸಕ್ಕೆ ನೆತ್ತಿ ಕೆಂಪಾಗಿ ಉರಿ ಬರೋದೂ ಉಂಟು. ತಲೆ ಬೋಳಿಸಿದ್ರೆ ದಟ್ಟ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಹರಕೆ ಇದ್ರೆ ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಮುಡಿ ಕೊಡೋದು ಬೇರೆ ಮಾತು, ಕೂದಲು ದಪ್ಪ ಆಗ್ಲಿ ಅಂತ ಬೇಡ, ಕತ್ತಿ ಓಡಾಡೋದು ಚರ್ಮದ ಮೇಲೆ, ಬೇರಿಗೆ ಅದು ಗೊತ್ತೇ ಆಗಲ್ಲ.

ಹಾಗಾದ್ರೆ ಏನು ಮಾಡ್ಬೇಕು. ವಾರಕ್ಕೆ ಎರಡು ಸ್ನಾನ ಇಟ್ಕೊಳ್ಳಿ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿದ ಕೂದಲಲ್ಲಿರೋ ದೊಡ್ಡ ಗಂಟುಗಳನ್ನ ಬೆರಳಲ್ಲಿ ಬಿಡಿಸಿ. ಶಾಂಪೂ ನೆತ್ತಿಗೆ. ಆಮೇಲೆ ಕಂಡೀಷನರ್ ಕಿವಿಯಿಂದ ಕೆಳಕ್ಕೆ ಧಾರಾಳವಾಗಿ ಹಾಕಿ, ಅದು ಇರೋವಾಗ್ಲೇ ಅಗಲ ಹಲ್ಲಿನ ಬಾಚಣಿಗೆಲಿ ತುದಿಯಿಂದ ಶುರು ಮಾಡಿ, ತುದಿ ಬಿಡಿಸಿದ್ಮೇಲೆ ಎರಡು ಬೆರಳು ಮೇಲೆ, ಅದು ಆದ್ಮೇಲೆ ಇನ್ನೂ ಮೇಲೆ. ಸಿಕ್ಕಿನ ಮೇಲ್ಗಡೆ ಕೂದಲನ್ನ ಇನ್ನೊಂದು ಕೈಲಿ ಹಿಡ್ಕೊಂಡಿರಿ, ಎಳೆತ ಬುಡಕ್ಕೆ ಹೋಗದ ಹಾಗೆ. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಪಿಜಿಯಲ್ಲಿ ಬಾತ್‌ರೂಮ್‌ಗೆ ಕ್ಯೂ ಇರುತ್ತೆ ಅಂತ ಗೊತ್ತು, ಒಂದು ಸ್ಪ್ರೇ ಬಾಟಲಿ ನೀರು, ಕಂಡೀಷನರ್ ಇಟ್ಕೊಂಡು ರೂಮಲ್ಲೇ ಬಿಡಿಸ್ಕೊಂಡು ಆಮೇಲೆ ತೊಳೆಯೋಕೆ ಹೋಗಿ. ಇದೊಂದು ಅಭ್ಯಾಸಕ್ಕೆ ಅರ್ಧ ಬದಲಾವಣೆ ಕಾಣುತ್ತೆ, ನನ್ನ ಹತ್ರ ಬರೋರಲ್ಲಿ ಬೇರೇನೂ ಮಾಡದೆ ಇದನ್ನಷ್ಟೇ ಮಾಡಿ ಒಂದು ವರ್ಷಕ್ಕೆ ಬೆನ್ನ ತನಕ ತಂದವರಿದ್ದಾರೆ.

ಸೀಗೆಕಾಯಿ ಅಭ್ಯಾಸ ಇದ್ರೆ ಬಿಡಬೇಕಿಲ್ಲ, ಆದ್ರೆ ಪುಡಿಯನ್ನ ಹಾಗೇ ತಿಕ್ಕಬೇಡಿ, ಸುರುಳಿಯೊಳಗೆ ತರಿ ಕೂತು ಮರಳು ಕಾಗದದ ಥರ ಉಜ್ಜುತ್ತೆ. ಕುದಿಸಿ ತೆಳು ಬಟ್ಟೆಲಿ ಸೋಸಿ ನೀರು ಮಾತ್ರ ಹಾಕಿ. ದಾಸವಾಳದ ಎಲೆಯ ಲೋಳೆ ಒಳ್ಳೇ ಕಂಡೀಷನರ್ರೇ, ನಮ್ಮಜ್ಜಿ ಕಾಲದಲ್ಲಿ ಸಿಕ್ಕು ಬಿಡಿಸ್ತಿದ್ದಿದ್ದೇ ಅದರಲ್ಲಿ. ಕೂದಲು ಬೆಳೆಸುತ್ತೆ ಅಂತ ಅಲ್ಲ, ಜಾರಿಕೆ ಕೊಡುತ್ತೆ ಅಂತ.

ಬೋರ್‌ವೆಲ್ ನೀರಿಂದ ಕೂದಲು ಬುಡದಿಂದ ಉದುರುತ್ತೆ ಅನ್ನೋದು ಬೆಂಗಳೂರಿಗೆ ಬಂದವರೆಲ್ಲ ಹೇಳೋ ಮಾತು. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆ ಮೇಲೆ ಕೂತು ಒರಟು ಮಾಡುತ್ತೆ, ಸಿಕ್ಕು ಜಾಸ್ತಿ ಮಾಡುತ್ತೆ, ಅಂದ್ರೆ ಮುರಿಯೋದಕ್ಕೆ ಸಹಾಯ ಮಾಡುತ್ತೆ, ಬುಡಕ್ಕೆ ಏನೂ ಮಾಡಲ್ಲ. ಊರು ಬಿಟ್ಟು ಬಂದ ಹುಡುಗಿಯರಲ್ಲಿ ಊಟ ನಿದ್ದೆ ಒತ್ತಡ ಎಲ್ಲಾ ಒಂದೇ ಸಲ ಬದಲಾಗಿರುತ್ತೆ, ದೂರು ಮಾತ್ರ ನೀರಿನ ಮೇಲೆ. ಕೊನೇ ಎರಡು ಮಗ್ ಫಿಲ್ಟರ್ ನೀರು ಹಾಕ್ಕೊಳ್ಳಿ, ತಿಂಗಳಿಗೆ ಒಂದು ಸಲ ಇಡಿಟಿಎ ಇರೋ ಶಾಂಪೂ ಬಳಸಿದ್ರೆ ಕೂತಿರೋ ಲವಣ ಹೋಗುತ್ತೆ. ಸಾವಿರಾರು ರೂಪಾಯಿ ಕೊಟ್ಟು ಶವರ್ ಫಿಲ್ಟರ್ ತರಬೇಡಿ, ಅವುಗಳಲ್ಲಿ ಹೆಚ್ಚಿನವು ಗಡಸುತನ ತೆಗೆಯೋದೇ ಇಲ್ಲ.

ತಲೆ ಒರೆಸೋಕೆ ಟರ್ಕಿ ಟವೆಲ್ ಬೇಡ, ಅಪ್ಪನ ಹಳೇ ಪಂಚೆ ತುಂಡು ತಗೊಂಡು ಬನ್ನಿ, ಉಜ್ಜಬೇಡಿ, ಬಡೀಬೇಡಿ, ಹಿಂಡಿ ಹಿಡೀರಿ ಅಷ್ಟೇ. ಒದ್ದೆ ಇದ್ದಾಗ್ಲೇ ಅಗಸೆ ಬೀಜದ ಲೋಳೆ ಹಚ್ಚಬಹುದು. ಎರಡು ಚಮಚ ಅಗಸೆ ಎರಡು ಲೋಟ ನೀರಲ್ಲಿ ಕೈಯಾಡಿಸ್ತಾ ಕುದಿಸಿ, ಮೊಟ್ಟೆಯ ಬಿಳಿ ಹದಕ್ಕೆ ಬಂದ ತಕ್ಷಣ ಬಿಸಿ ಇರೋವಾಗ್ಲೇ ಸೋಸಿ. ಆರಿದ್ಮೇಲೆ ಸೋಸೋಕೆ ಹೋದ್ರೆ ಬಟ್ಟೆಯಿಂದ ಇಳಿಯೋದೇ ಇಲ್ಲ. ಫ್ರಿಜ್ಜಲ್ಲಿ ಒಂದು ವಾರ ಇರುತ್ತೆ. ಅಗಸೆ ಚಟ್ನಿಪುಡಿ ಮಾಡೋ ಊರಿನವರು ನೀವು, ಮನೇಲೇ ಇರುತ್ತೆ. ಅದು ಸುರುಳಿನ ಕಟ್ಟಿ ಹಿಡಿಯುತ್ತೆ, ಗಾಳಿಗೆ ಕೆದರಿ ಗಂಟಾಗೋದು ಕಮ್ಮಿ ಆಗುತ್ತೆ. ರಾತ್ರಿ ಸಡಿಲ ಜಡೆ ಹಾಕಿ, ದಿಂಬಿಗೆ ಹಳೇ ರೇಷ್ಮೆ ಸೀರೆ ಬಟ್ಟೆಯ ಕವರ್. ಸ್ಕೂಟಿ ಓಡಿಸೋರಾದ್ರೆ ಹೆಲ್ಮೆಟ್ ಒಳಗೆ ಅಂಥದ್ದೇ ನುಣುಪು ಸ್ಕಾರ್ಫ್, ನಿಮ್ಮ ಕುತ್ತಿಗೆ ಹತ್ರದ ಕೂದಲು ಎಲ್ಲಕ್ಕಿಂತ ಗಿಡ್ಡ ಇದ್ರೆ ಹೆಲ್ಮೆಟ್ ಅಂಚು ಉಜ್ಜಿದ್ದೇ ಕಾರಣ ಇರಬಹುದು. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ಸೆಂಟಿಮೀಟರ್ ತುದಿ ಕತ್ತರಿಸಿ. ಕತ್ತರಿಸಿದ್ರೆ ಬೇಗ ಬೆಳೆಯುತ್ತೆ ಅಂತಲ್ಲ, ಸೀಳಿದ ತುದಿ ಮೇಲಕ್ಕೆ ಹರಿದು ಮೂರು ಸೆಂಟಿಮೀಟರ್ ತಿಂದು ಹಾಕೋ ಮುಂಚೆ ಒಂದರಲ್ಲಿ ಮುಗೀಲಿ ಅಂತ.

ಕೊನೇದಾಗಿ ಕೆರಾಟಿನ್. ಅದು ಕೂದಲಿನ ಪ್ರೋಟೀನಿನ ಹೆಸರು, ಕೇಳಿದ್ರೆ ಕೂದಲಿಗೆ ಆಹಾರ ಕೊಟ್ಟ ಹಾಗೆ ಅನ್ಸುತ್ತೆ, ಆದ್ರೆ ಕೂದಲನ್ನ ನೇರ ಹಿಡಿಯೋ ಕೆಲಸ ಮಾಡೋದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್ ಇಲ್ಲಾ ಅದರ ಬಳಗದ ಆಮ್ಲಗಳು, ಮೇಲಿಂದ 200 ಡಿಗ್ರಿ ಹತ್ರದ ಇಸ್ತ್ರಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರೋ ರಾಸಾಯನಿಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿದೆ. ಪಾರ್ಲರಲ್ಲಿ ಹೊಗೆ ಎದ್ದು ಕಣ್ಣು ಉರೀತು ಅಂದ್ರೆ ಅದೇ. ಅದು ಇಲ್ಲದ್ದು ಅಂತ ಮಾರೋದ್ರಲ್ಲಿ ಕೆಲವಕ್ಕೆ ಗ್ಲೈಆಕ್ಸಿಲಿಕ್ ಆಮ್ಲ ಇರುತ್ತೆ. 2024ರಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಒಬ್ಬಳ ಕೇಸ್ ಬರೆದ್ರು, ಮೂರು ಸಲ ಕೂದಲು ಸ್ಟ್ರೈಟನಿಂಗ್ ಮಾಡಿಸಿದಾಗ ಮೂರು ಸಲವೂ ಕಿಡ್ನಿಗೆ ಪೆಟ್ಟು ಬಿದ್ದಿತ್ತು, ಆ ಕ್ರೀಮಲ್ಲಿ ಇದ್ದಿದ್ದು ಈ ಆಮ್ಲ. ಎಲ್ಲರಿಗೂ ಹಾಗಾಗಲ್ಲ. ಆದ್ರೆ ಟೈಫಾಯ್ಡ್ ಆಗಿ ಮೂರು ತಿಂಗಳು ಆಗಿರೋ, ಕೂದಲು ಉದುರ್ತಿರೋ, ತುದಿ ಮುರೀತಿರೋ ತಲೆಗೆ ನಾನು ಇದನ್ನ ಬೇಡ ಅಂತ ಗಟ್ಟಿಯಾಗೇ ಹೇಳ್ತೀನಿ. ಪರ್ಮನೆಂಟ್ ಸ್ಟ್ರೈಟನಿಂಗ್ ಅಂತೂ ಇನ್ನೂ ಬೇಡ, ಅದು ಕೂದಲಿನ ಒಳಗಿನ ಗಂಧಕದ ಬೆಸುಗೆಯನ್ನೇ ಒಡೆದು ಮತ್ತೆ ಕಟ್ಟೋದು. ಮೂರು ತಿಂಗಳಿಗೆ ಬುಡದಿಂದ ಗುಂಗುರೇ ಬರುತ್ತೆ, ಗುಂಗುರು ನೇರ ಸೇರೋ ಗೆರೆಯಲ್ಲಿ ಪಟಪಟ ಅಂತ ಮುರಿಯುತ್ತೆ. ಒಬ್ಬ ಹುಡುಗಿ ಅಣ್ಣನ ಮದುವೆಗೆ ಅಂತ ಮಾಡಿಸಿ ಐದು ತಿಂಗಳಿಗೆ ಕಿವಿ ಮಟ್ಟಕ್ಕೆ ಕತ್ತರಿಸ್ಕೊಂಡಿದ್ದನ್ನ ನಾನು ಮರೆತಿಲ್ಲ, ನನ್ನೆದುರು ಕೂತು ಒಂದೂ ಮಾತಾಡ್ಲಿಲ್ಲ ಅವಳು.

ಮದುವೆ ದಿನ ನೇರ ಕೂದಲೇ ಬೇಕು ಅನ್ಸಿದ್ರೆ ಅವತ್ತೊಂದು ದಿನ ಬ್ಲೋಡ್ರೈ ಮಾಡಿಸಿ. ಪೂರ್ತಿ ಒಣಗಿದ್ಮೇಲೆ ಮಾತ್ರ ಇಸ್ತ್ರಿ, 180 ಡಿಗ್ರಿ ದಾಟದ ಹಾಗೆ, ಒದ್ದೆ ಕೂದಲಿಗೆ ಇಟ್ರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೆ ಗುಳ್ಳೆ ಏಳುತ್ತೆ. ಮುಂದಿನ ಸ್ನಾನಕ್ಕೆ ಸುರುಳಿ ವಾಪಸ್ ಬರುತ್ತೆ. ಆದ್ರೆ ಮುಹೂರ್ತಕ್ಕೆ ಮೊಗ್ಗಿನ ಜಡೆ ಅಂತಾದ್ರೆ ನೇರ ಮಾಡೋ ಅಗತ್ಯನೇ ಇಲ್ಲ, ಗುಂಗುರು ಕೂದಲಿಗೆ ಪಿನ್ನು, ಚೌರಿ ಚೆನ್ನಾಗಿ ಕಚ್ಚಿ ನಿಲ್ಲುತ್ತೆ, ನೇರ ಕೂದಲಿನವರ ಜಡೆ ಧಾರೆ ಹೊತ್ತಿಗೇ ಜಾರಿರುತ್ತೆ. ಹೂವಿನ ಭಾರ ಹಣೆ ಅಂಚಿನ ನಾಲ್ಕು ಕೂದಲ ಮೇಲೆ ಬೀಳದ ಹಾಗೆ ಹಿಂದೆ ಒಂದು ಗಟ್ಟಿ ಗಂಟು ಹಾಕಿ ಅದಕ್ಕೆ ಚೌರಿ ಕಟ್ಟೋಕೆ ಹೇಳಿ, ಊಟ ಆದ ತಕ್ಷಣ ಬಿಚ್ಚಿಸ್ಕೊಳ್ಳಿ.

ಎಷ್ಟು ಉದ್ದ ಆಗುತ್ತೆ ಅಂತ ಕೇಳ್ತೀರಾ. ಮದುವೆ ಹೊತ್ತಿಗೆ ಐದು ಆರು ಸೆಂಟಿಮೀಟರ್ ಬೆಳೆಯುತ್ತೆ, ಅದ್ರಲ್ಲಿ ತುದಿ ಕತ್ತರಿಸಿದ್ದು ಕಳೆದ್ರೆ ನಾಲ್ಕು. ನಡುಬೆನ್ನಿಗೆ ಬರೋಕೆ ಎರಡು ವರ್ಷ ಬೇಕು. ಸೊಂಟ ದಾಟುತ್ತಾ ಅನ್ನೋದು ನಿಮ್ಮ ಒಂದೊಂದು ಕೂದಲು ಎಷ್ಟು ವರ್ಷ ಬೆಳೆಯೋ ಜಾತಿದು ಅನ್ನೋದ್ರ ಮೇಲಿದೆ, ಮೂರು ವರ್ಷದ್ದಾದ್ರೆ 36 ಸೆಂಟಿಮೀಟರ್‌ಗೆ ಮುಗೀತು, ಆರು ವರ್ಷದ್ದಾದ್ರೆ 70 ದಾಟುತ್ತೆ, ಅದು ಅಪ್ಪ ಅಮ್ಮನ ಕಡೆಯಿಂದ ಬಂದಿರೋದು.

ಸಂಕ್ರಾಂತಿ ದಾಟಿ ಶಿವರಾತ್ರಿ ಹತ್ರ ಬಂದ್ರೂ ಕೈ ತುಂಬಾ ಉದುರೋದು ನಿಲ್ಲದಿದ್ರೆ, ಬೈತಲೆ ಅಗಲ ಆಗ್ತಿದ್ರೆ, ದುಂಡಗೆ ಎಲ್ಲಾದ್ರೂ ಬೋಳಾದ್ರೆ, ನೆತ್ತಿಲಿ ನೋವು ಕೀವು ಬಂದ್ರೆ, ಇಲ್ಲಾ ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಬರ್ತಿದ್ರೆ ಹತ್ರದ ಚರ್ಮವೈದ್ಯರನ್ನ ನೋಡಿ. ಕೂದಲು ಬೆಳೆಸೋ ಔಷಧಿ ಮಿನಾಕ್ಸಿಡಿಲ್ ಥರದ್ದನ್ನ ನೀವೇ ತಂದು ಹಚ್ಚಬೇಡಿ, ನಿಮ್ಮ ತೊಂದರೆಗೆ ಅದು ಬೇಕಿಲ್ಲ, ಮದುವೆ ಆದ್ಮೇಲೆ ಗರ್ಭಿಣಿ ಆಗೋ ಯೋಚನೆ ಇದ್ರೆ ಅದು ಸಲ್ಲೋದೂ ಇಲ್ಲ. ಈ ವಾರ ಊರಿಗೆ ಹೋದಾಗ ಅಮ್ಮನ ಕೈಲೇ ತುದಿಗೆ ಎಣ್ಣೆ ಹಚ್ಚಿಸ್ಕೊಳ್ಳಿ, ಸಣ್ಣ ಹಲ್ಲಿನ ಬಾಚಣಿಗೆ ಅಲ್ಲೇ ಬಿಟ್ಟು ಪಂಚೆ ತುಂಡು, ಅಗಸೆ ಬೀಜ ಕಟ್ಕೊಂಡು ಬನ್ನಿ. ಫೆರಿಟಿನ್ ರಿಪೋರ್ಟ್ ಬಂದ್ಮೇಲೆ ನಂಬರ್ ಎಷ್ಟಿದೆ ಅಂತ ಬರೀರಿ, ಮಾತ್ರೆ ಬೇಕಾ ಬೇಡ್ವಾ ಅದನ್ನ ನೋಡಿ ಹೇಳ್ತೀನಿ.